ತೀರಿಹೋದ ಮೇಷ್ಟ್ರು, ಟೀಚರ್ ಬಗ್ಗೆ ಬರೆದಿಡುವುದು ಹೇಗೆ: ನಮ್ಮವ್ವನ ಪುಸ್ತಕ ಮಾಡುವಾಗ ಕಲಿತದ್ದು

ನಮ್ಮವ್ವ 33 ವರ್ಷ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಕಲಿಸಿದಳು. ಊರವರ ಬಾಯಲ್ಲಿ ಅಕ್ಕೋರು. ಅವಳು ತೀರಿಕೊಂಡ ಐದನೇ ದಿನ ಸೋದರಮಾವ ನನ್ನ ಮುಂದೆ ಒಂದು ಹಾಳೆ ಇಟ್ಟು, ನುಡಿನಮನಕ್ಕೆ ಏನಾದರೂ ಬರಿ ಅಂದರು. ಬರೆದೆ. ಸರಳ ಸಜ್ಜನಿಕೆ, ಅಪಾರ ಶಿಷ್ಯವೃಂದ, ತುಂಬಲಾರದ ನಷ್ಟ, ಎಲ್ಲಾ ಬಂತು. ರಾತ್ರಿ ತಂಗಿಗೆ ಓದಿ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದು ಯಾರ ಬಗ್ಗೆ?" ಎಂದು ಕೇಳಿದಳು.

ಆ ಹಾಳೆ ಹರಿದು ಹಾಕಿದೆ. ಮತ್ತೆ ಶುರು ಮಾಡಿದ್ದು ಮೊದಲು ಏಳು ನಿಮಿಷದ ಮಾತಾಯಿತು, ಆಮೇಲೆ 48 ಪುಟದ ಚಿಕ್ಕ ಪುಸ್ತಕವಾಯಿತು. ಹನ್ನೊಂದು ತಿಂಗಳು ಹಿಡಿಯಿತು. ನಿಮ್ಮ ಮನೆಯಲ್ಲೋ ಊರಲ್ಲೋ ಒಬ್ಬ ಮೇಷ್ಟ್ರು ತೀರಿಹೋಗಿದ್ದರೆ, ಅವರ ಬಗ್ಗೆ ಬರೆಯಬೇಕು ಅನ್ನುವ ಆಸೆ ಇದ್ದು ಎಲ್ಲಿಂದ ಹಿಡಿಯಬೇಕೋ ಗೊತ್ತಾಗದೆ ಕೂತಿದ್ದರೆ, ನಾನು ಕಲಿತದ್ದನ್ನು ಹೇಳುತ್ತೇನೆ. ಒಂದೇ ಮಾತು ನೆನಪಿಟ್ಟುಕೊಂಡರೂ ಸಾಕು: ಅವರ ಗುಣ ಬರೆಯಬೇಡಿ, ಅವರ ದಿನ ಬರೆಯಿರಿ. ಬೆಳಿಗ್ಗೆ ಎದ್ದು ರಾತ್ರಿ ಮಲಗುವವರೆಗೆ ಆ ಮನುಷ್ಯ ಏನೇನು ಮಾಡುತ್ತಿದ್ದರು ಅಂತ ಹೇಳಿದರೆ ಗುಣ ತಾನಾಗಿಯೇ ಕಾಣುತ್ತದೆ.

ಮೊದಲ ಹದಿನೈದು ದಿನ ಬರೆಯುವ ಗೋಜಿಗೆ ಹೋಗಬೇಡಿ. ಕೇಳಿ. ಆ ದಿನಗಳಲ್ಲಿ ಮನೆಗೆ ಜನ ಬರುತ್ತಾರೆ, ಬಾಗಿಲಲ್ಲಿ ನಿಂತು ಒಂದು ಮಾತು ಹೇಳಿ ಹೋಗುತ್ತಾರೆ, ಆಮೇಲೆ ಅವರು ಸಿಗುವುದೇ ಇಲ್ಲ. ಒಂದು ನೋಟ್‌ಬುಕ್ ಬಾಗಿಲ ಹತ್ತಿರ ಇಡಿ. ಯಾರು ಬಂದರು, ಯಾವ ವರ್ಷ ಯಾವ ಕ್ಲಾಸಿನಲ್ಲಿದ್ದರು, ಫೋನ್ ನಂಬರ್ ಏನು, ಏನು ಹೇಳಿದರು, ಇಷ್ಟು ಬರೆದುಕೊಂಡರೆ ಸಾಕು. ಕೂತು ಮಾತಾಡುವವರು ಸಿಕ್ಕರೆ, ಅವರನ್ನು ಕೇಳಿ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಅವರ ಮಾತು ಅವರದೇ ಧಾಟಿಯಲ್ಲಿ ಉಳಿಯುತ್ತದೆ, ಅದನ್ನು ನೀವು ನೆನಪಿನಿಂದ ಬರೆದರೆ ಅದು ನಿಮ್ಮ ಧಾಟಿಯಾಗಿಬಿಡುತ್ತದೆ.

ಕೇಳುವ ಪ್ರಶ್ನೆ ಮುಖ್ಯ. "ಅಕ್ಕೋರು ಹೆಂಗಿದ್ರು?" ಅಂತ ಕೇಳಿದರೆ "ದೇವರಂಥವರು" ಅಂತಾರೆ, ಅಲ್ಲಿಗೆ ಮುಗೀತು. ಅವರ ಟೇಬಲ್ ಖಾನೆಯಲ್ಲಿ ಏನಿರುತ್ತಿತ್ತು, ಸಿಟ್ಟು ಬಂದಾಗ ಯಾವ ಮಾತು ಬಾಯಿಗೆ ಬರುತ್ತಿತ್ತು, ಮಳೆಗಾಲದಲ್ಲಿ ಶಾಲೆ ಸೋರಿದರೆ ನಿಮ್ಮನ್ನು ಎಲ್ಲಿ ಕೂರಿಸುತ್ತಿದ್ದರು, ಹೀಗೆ ಕೇಳಿ ನೋಡಿ. ನಾನು ಖಾನೆಯ ಪ್ರಶ್ನೆ ಕೇಳಿದಾಗ ನಾಲ್ಕು ಜನ ಬೇರೆ ಬೇರೆ ದಿನ ಒಂದೇ ಉತ್ತರ ಕೊಟ್ಟರು: ಒಂದು ತಗಡಿನ ಡಬ್ಬಿ, ಅದರಲ್ಲಿ ಸೂಜಿ, ಬಿಳಿ ದಾರ, ಗುಂಡಿಗಳು. ಗುಂಡಿ ಕಿತ್ತ ಅಂಗಿಯಲ್ಲಿ ಬಂದ ಹುಡುಗನನ್ನು ಅವ್ವ ಪ್ರಾರ್ಥನೆಗೆ ಮುಂಚೆ ಒಳಗೆ ಕರೆದು, ಅಂಗಿ ಮೈಮೇಲೆ ಇರುವಾಗಲೇ ಗುಂಡಿ ಹಚ್ಚಿ ಕಳಿಸುತ್ತಿದ್ದಳಂತೆ. ಅವಳ ಹೊಟ್ಟೆಯಲ್ಲಿ ಹುಟ್ಟಿದ ನನಗೆ ಆ ಡಬ್ಬಿಯ ವಿಷಯ ಗೊತ್ತೇ ಇರಲಿಲ್ಲ.

ದೊಡ್ಡವರ ವಿಷಯದಲ್ಲೂ ಉಳಿಯುವುದು ಇಂಥದ್ದೇ ಅಲ್ವಾ? ಸರ್ವಪಲ್ಲಿ ರಾಧಾಕೃಷ್ಣನ್ ರಾಷ್ಟ್ರಪತಿಯಾದರು, ಭಾರತ ರತ್ನ ಪಡೆದರು. ಮೈಸೂರಿನವರು ಇಂದಿಗೂ ಮೊದಲು ಹೇಳುವುದು ಮಾತ್ರ 1921ರ ಕಥೆ. ಮಹಾರಾಜಾ ಕಾಲೇಜು ಬಿಟ್ಟು ಅವರು ಕಲ್ಕತ್ತಕ್ಕೆ ಹೊರಟಾಗ ಹುಡುಗರು ಸಾರೋಟಿನ ಕುದುರೆ ಬಿಚ್ಚಿ ತಾವೇ ಸ್ಟೇಷನ್‌ವರೆಗೆ ಎಳೆದುಕೊಂಡು ಹೋದರು. ಅವರು ಅಲ್ಲಿ ಕಲಿಸಿದ್ದು 1918ರಿಂದ ಮೂರೇ ವರ್ಷ. ಮೂರು ವರ್ಷದ ಮೇಷ್ಟ್ರನ್ನು ನೂರು ವರ್ಷ ಉಳಿಸಿದ್ದು ಆ ಒಂದು ಸಾರೋಟು.

ಯಾರನ್ನು ಕೇಳಬೇಕು? ಡಾಕ್ಟರ್, ಎಂಜಿನಿಯರ್ ಆದ ಶಿಷ್ಯರು ತಾವೇ ಫೋನ್ ಮಾಡುತ್ತಾರೆ. ಅವರ ಮಾತನ್ನೂ ಬರೆದುಕೊಳ್ಳಿ. ಆದರೆ ಐದನೇ ಕ್ಲಾಸಿಗೆ ಶಾಲೆ ಬಿಟ್ಟವರನ್ನು ನೀವೇ ಹುಡುಕಿಕೊಂಡು ಹೋಗಬೇಕು. ಬಿಸಿಯೂಟದ ಅಡುಗೆಯವರು, ಜೊತೆಗೆ ಕಲಿಸಿದವರು, ದಿನಾ ಅದೇ ಬಸ್ಸಿನಲ್ಲಿ ಕರೆದೊಯ್ದ ಕಂಡಕ್ಟರ್, ಶಾಲೆ ಎದುರಿನ ಅಂಗಡಿಯವರು, ಇವರ್‍ಯಾರೂ ನುಡಿನಮನದ ವೇದಿಕೆ ಹತ್ತುವುದಿಲ್ಲ. ನಮ್ಮ ಕಡೆ ಬಿಸಿಯೂಟ ಶುರುವಾದದ್ದು 2003ರಲ್ಲಿ. ಆಗ ಅಕ್ಕಿ, ಬೇಳೆ, ಎಣ್ಣೆಯ ಲೆಕ್ಕವೆಲ್ಲ ಅವ್ವನ ತಲೆಗೆ ಬಂತು. ಅಡುಗೆ ಮಾಡುತ್ತಿದ್ದ ಅಜ್ಜಿ ಹೇಳಿದ್ದು ಕೇಳಿ: "ಎಲ್ಲಾ ಹುಡುಗರು ಉಂಡು ಎದ್ದ ಮ್ಯಾಲೆ ಅಕ್ಕೋರು ತಮ್ಮ ಡಬ್ಬಿ ಬಿಚ್ಚತಿದ್ರು. ಒಬ್ಬಾಕಿ ಉಣ್ಣದ ಕುಂತಿದ್ರ, ತಾವೂ ಬಿಚ್ಚತಿರಲಿಲ್ಲ." ನಾನು ಮೂರು ಪುಟ ಬರೆದಿದ್ದರೂ ಇಷ್ಟು ಹೇಳಲಿಕ್ಕೆ ಆಗುತ್ತಿರಲಿಲ್ಲ.

ಇನ್ನು ಕಾಗದ ಪತ್ರ. ಇದು ಬೇಸರದ ಕೆಲಸ, ಆದರೂ ಮಾಡಿ. ವರ್ಗಾವಣೆ ಆದೇಶಗಳು, ಟಿಸಿಎಚ್ ಸರ್ಟಿಫಿಕೇಟು, ಪಿಂಚಣಿ ಪುಸ್ತಕ, ಸೇವಾ ಪುಸ್ತಕದ ಜೆರಾಕ್ಸ್, ಸಿಕ್ಕಿದ್ದನ್ನೆಲ್ಲ ಒಂದು ಫೈಲಿಗೆ ಹಾಕಿ, ಒಂದೇ ಹಾಳೆಯ ಮೇಲೆ ವರ್ಷವಾರು ಬರೆದಿಡಿ. ಎಲ್ಲಿ ಹುಟ್ಟಿದರು, ಎಲ್ಲಿ ಓದಿದರು, ಯಾವ ವರ್ಷ ಯಾವ ಊರು. ಈ ಹಾಳೆ ಕೈಯಲ್ಲಿದ್ದರೆ ಶಿಷ್ಯರ ನೆನಪುಗಳನ್ನು ಸರಿಯಾದ ಜಾಗದಲ್ಲಿ ಕೂರಿಸಬಹುದು. ಯಾರೋ "1985ರಲ್ಲಿ ನನಗೆ ಕಲಿಸಿದ್ರು" ಅಂದಾಗ ಅದು ಯಾವ ಊರಿನ ಶಾಲೆ ಎಂದು ತಕ್ಷಣ ಗೊತ್ತಾಗುತ್ತದೆ.

ಹುಟ್ಟಿದ ತಾರೀಕಿನ ಬಗ್ಗೆ ಒಂದು ಎಚ್ಚರ. ನಮ್ಮಲ್ಲಿ ಆ ತಲೆಮಾರಿನ ಎಷ್ಟೋ ಜನರ ದಾಖಲೆಯ ತಾರೀಕು ಜೂನ್ 1. ಶಾಲೆಗೆ ಸೇರಿಸುವಾಗ ಮೇಷ್ಟ್ರು ಅಂದಾಜಿನ ಮೇಲೆ ಬರೆದದ್ದು ಅದು. ಮನೆಯ ಹಿರಿಯರು "ಆ ವರ್ಷದ ಕಾರಹುಣ್ಣಿಮಿ ಮರುದಿನ ಹುಟ್ಟಿದ್ಲು" ಅಂತ ಹೇಳಿದರೆ ಅದನ್ನೂ ಬರೆಯಿರಿ. ಎರಡೂ ಅವರ ಬದುಕಿನ ಭಾಗವೇ. ಜಿಲ್ಲೆಯ ಹೆಸರೂ ಹಾಗೆಯೇ. ಅವ್ವ 1979ರಲ್ಲಿ ಕೆಲಸಕ್ಕೆ ಸೇರಿದ ಹಳ್ಳಿ ಹಿರೇಕೆರೂರು ತಾಲೂಕಿನದು, ಅದು ಈಗ ಹಾವೇರಿ ಜಿಲ್ಲೆ. ಆದರೆ ಹಾವೇರಿ ಜಿಲ್ಲೆಯಾದದ್ದು 1997ರಲ್ಲಿ, ಅದಕ್ಕೂ ಮೊದಲು ಅದು ಧಾರವಾಡ ಜಿಲ್ಲೆ. ಬಾಗಲಕೋಟೆ, ಗದಗ, ಕೊಪ್ಪಳ, ದಾವಣಗೆರೆ, ಉಡುಪಿ, ಚಾಮರಾಜನಗರದವರಿಗೂ ಇದೇ ಗೊಂದಲ ಬರುತ್ತದೆ. "ಆಗಿನ ಧಾರವಾಡ ಜಿಲ್ಲೆ" ಎಂದು ಬರೆದರೆ ಮುಗಿಯಿತು.

ಹಳೇ ಫೋಟೋಗಳನ್ನು ಆಲ್ಬಮ್ಮಿನಿಂದ ಕೀಳಬೇಡಿ, ಅಂಟಿಕೊಂಡಿದ್ದರೆ ಹರಿದೇ ಹೋಗುತ್ತವೆ. ಕಿಟಕಿ ಹತ್ತಿರ ಹಗಲು ಬೆಳಕಿನಲ್ಲಿಟ್ಟು, ನೇರ ಮೇಲಿನಿಂದ ಫೋನಿನಲ್ಲಿ ತೆಗೆಯಿರಿ. ಗ್ರೂಪ್ ಫೋಟೋ ಇದ್ದರೆ ಹಿಂದೆ ಪೆನ್ಸಿಲ್ಲಿನಲ್ಲಿ ಹೆಸರು ಬರೆದಿದ್ದಾರಾ ನೋಡಿ, ಅದನ್ನೂ ತೆಗೆದುಕೊಳ್ಳಿ. ಆ ಫೋಟೋವನ್ನು ಶಿಷ್ಯರ ವಾಟ್ಸಾಪ್ ಗುಂಪಿಗೆ ಹಾಕಿ, ಹೆಸರು ಹೇಳಿ ಅಂತ ಕೇಳಿ. ಒಂದೇ ರಾತ್ರಿಯಲ್ಲಿ 40 ಜನರ ಪೈಕಿ 31 ಜನರ ಹೆಸರು ನಮಗೆ ಸಿಕ್ಕಿತು. ಜೊತೆಗೆ ಎಷ್ಟೋ ಕಥೆ.

ಬರೆಯಲು ಕೂತಾಗ ಮೊದಲು ಬರುವ ಪ್ರಶ್ನೆ ಅವಳು ಅನ್ನಬೇಕಾ, ಅವರು ಅನ್ನಬೇಕಾ ಎಂಬುದು. ನಾನು ಮೊದಲು "ಅವರು" ಎಂದೇ ಬರೆದೆ. ಮರ್ಯಾದೆ ಇರಲಿ ಅಂತ. ಓದಿದರೆ ಯಾರೋ ದೂರದವರ ಬಗ್ಗೆ ಬರೆದ ಹಾಗಿತ್ತು. ಕೊನೆಗೆ ನಾನು ಬರೆದ ಕಡೆ ಅವ್ವ "ಅವಳು", ಶಿಷ್ಯರ ಮಾತಿನಲ್ಲಿ "ಅಕ್ಕೋರು, ಅವರು". ಎರಡೂ ಹಾಗೇ ಬಿಟ್ಟೆವು. ನಿಮ್ಮೂರಲ್ಲಿ ಏನು ಕರೆಯುತ್ತಿದ್ದರೋ ಅದನ್ನೇ ಬರೆಯಿರಿ: ಮಾಸ್ತರು, ಮೇಷ್ಟ್ರು, ಬಾಯಾರು, ಟೀಚರು, ಮಿಸ್ಸು. ಎಲ್ಲವನ್ನೂ "ಶಿಕ್ಷಕಿ" ಎಂದು ತಿದ್ದಿದರೆ ಆ ಊರೇ ಹೊರಟು ಹೋಗುತ್ತದೆ.

ಸಾವಿನ ಪದವನ್ನೂ ಅವರ ಮನೆಯ ನಂಬಿಕೆಗೆ ತಕ್ಕ ಹಾಗೆ ಆರಿಸಿ. ನಮ್ಮ ಮನೆಯಲ್ಲಿ ಲಿಂಗೈಕ್ಯ ಅಂತೇವೆ. ಕ್ರೈಸ್ತರು, ಮುಸ್ಲಿಮರು, ಜೈನರು, ಬ್ರಾಹ್ಮಣರು, ಪ್ರತಿಯೊಬ್ಬರ ಮನೆಯಲ್ಲೂ ಒಂದು ಪದ ಇದೆ. ಹಿರಿಯರನ್ನು ಕೇಳಿದರೆ ಹೇಳುತ್ತಾರೆ. ಗೊತ್ತಾಗದಿದ್ದರೆ "ತೀರಿಕೊಂಡರು" ಅನ್ನುವುದು ಎಲ್ಲರಿಗೂ ಒಪ್ಪುವ ಮಾತು.

ಈಗ ಕಷ್ಟದ ಭಾಗಕ್ಕೆ ಬರುತ್ತೇನೆ. ಮನೆ.

ಒಳ್ಳೆಯ ಮೇಷ್ಟ್ರ ಮಕ್ಕಳಿಗೆ ಗೊತ್ತಿರುತ್ತದೆ, ಊರ ಮಕ್ಕಳಿಗೆ ಕೊಟ್ಟ ಸಮಯ ಎಲ್ಲಿಂದ ಬಂತು ಅಂತ. 1991ರ ಜನಗಣತಿ ಹೊತ್ತಿಗೆ ತಂಗಿಗೆ ಜ್ವರ. ಅವ್ವ ಬೆಳಿಗ್ಗೆ ಹೋದವಳು ಕತ್ತಲಾದ ಮೇಲೆ ಬಂದಳು. ಗಂಜಿ ಕುಡಿಸಿದ್ದು ಅಪ್ಪ. ಭಾನುವಾರ ಏಳನೇ ಕ್ಲಾಸಿನ ಮಕ್ಕಳು ನಮ್ಮ ಪಡಸಾಲೆಯಲ್ಲಿ ಕೂತು ಗಣಿತ ಮಾಡುತ್ತಿದ್ದರು, ನಾವು ಹಿತ್ತಲಲ್ಲಿ ಗದ್ದಲ ಮಾಡದೆ ಆಡಬೇಕಿತ್ತು. ಇದನ್ನೆಲ್ಲ ಬರೆಯಬೇಕಾ ಬೇಡವಾ ಅಂತ ನಮ್ಮಲ್ಲೇ ವಾದವಾಯಿತು. ನಾನು ಬೇಡ ಅಂದೆ. ತಂಗಿ ಬೇಕೇ ಬೇಕು ಅಂದಳು. "ನಾವು ಕೊಟ್ಟದ್ದೂ ಅದರಾಗ ಐತಿ, ಅಪ್ಪ ಕೊಟ್ಟದ್ದೂ ಐತಿ. ಅದನ್ನ ಬಿಟ್ರ ಅವ್ವ ಒಬ್ಬಾಕಿನ ಮಾಡಿದಂಗ ಆಗತೈತಿ." ಅವಳು ಹೇಳಿದ್ದೇ ಸರಿ. ಅಪ್ಪನಿಗೆ ಆ ಪುಸ್ತಕದಲ್ಲಿ ಐದು ಪುಟ ಇದೆ. ಅವನು ರೊಟ್ಟಿ ಬಡಿಯಲು ಕಲಿತದ್ದು, ನಾಲ್ಕು ಕಿಲೋಮೀಟರ್ ದೂರದ ಶಾಲೆಗೆ ಅವ್ವನನ್ನು ಸೈಕಲ್ಲಿನಲ್ಲಿ ಬಿಟ್ಟು ಬರುತ್ತಿದ್ದದ್ದು, ಅದಕ್ಕೆ ಜನ ನಕ್ಕದ್ದು, ಎಲ್ಲಾ ಇದೆ.

ಈ ಭಾಗ ಬರೆಯುವಾಗ ನನಗೆ ಧೈರ್ಯ ಕೊಟ್ಟದ್ದು ಮಂಗಳೂರಿನ ಕುದ್ಮುಲ್ ರಂಗರಾಯರ ಬದುಕು. ಹುಟ್ಟಿದ್ದು 1859ರಲ್ಲಿ, ಈಗಿನ ಕಾಸರಗೋಡು ಕಡೆಯ ಕುದ್ಮುಲ್‌ನಲ್ಲಿ. ಮೇಷ್ಟ್ರಾಗಿ ಶುರು ಮಾಡಿ ಆಮೇಲೆ ವಕೀಲರಾದರು. ಮಂಗಳೂರಿನಲ್ಲಿ 1892ರಲ್ಲಿ ದಲಿತ ಮಕ್ಕಳಿಗೆ ಶಾಲೆ ತೆರೆದರು, 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದರು. ಸ್ವಂತ ಸಾರಸ್ವತ ಸಮುದಾಯದವರೇ ಬಹಿಷ್ಕಾರ ಹಾಕಿದರು, ಆ ಕಷ್ಟ ಅವರೊಬ್ಬರೇ ಉಂಡದ್ದಲ್ಲ, ಇಡೀ ಮನೆ ಉಂಡಿತು. ಬ್ರಹ್ಮ ಸಮಾಜದ ನಂಬಿಕೆ ಅವರದು. ಅದು ಪ್ರಾರ್ಥನೆಯ ಹೊತ್ತಿಗೆ ಮಾತ್ರ ಇದ್ದದ್ದಲ್ಲ, ಮಗಳು ರಾಧಾಬಾಯಿಯನ್ನು ಜಾತಿ ನೋಡದೆ ಪಿ. ಸುಬ್ಬರಾಯನ್ ಅವರಿಗೆ ಮದುವೆ ಮಾಡಿಕೊಟ್ಟರು. ಆ ಮಗಳು ಮುಂದೆ 1938ರಲ್ಲಿ ದೆಹಲಿಯ ಕೌನ್ಸಿಲ್ ಆಫ್ ಸ್ಟೇಟ್‌ಗೆ, ಅಂದರೆ ಆಗಿನ ಮೇಲ್ಮನೆಗೆ, ಆಯ್ಕೆಯಾದ ಮೊದಲ ಮಹಿಳೆ. ರಂಗರಾಯರು ಕೊನೆಗಾಲದಲ್ಲಿ ಸನ್ಯಾಸ ತಗೊಂಡು ಈಶ್ವರಾನಂದರಾದರು, 1928ರ ಜನವರಿ 30ರಂದು ತೀರಿಕೊಂಡರು. ತಮ್ಮ ಶಾಲೆಯಲ್ಲಿ ಕಲಿತ ಮಗು ದೊಡ್ಡ ಹುದ್ದೆಗೇರಿ ಕಾರಿನಲ್ಲಿ ಹೋಗುವಾಗ ಏಳುವ ಧೂಳು ತಮ್ಮ ತಲೆಗೆ ತಾಗಲಿ ಎಂಬ ಅವರ ಆಸೆಯನ್ನು ಕರಾವಳಿಯಲ್ಲಿ ಇಂದಿಗೂ ಹೇಳುತ್ತಾರೆ. ಅವರ ಬದುಕನ್ನು ಹೇಳಹೊರಟರೆ ಕುಟುಂಬ ಒಂದು ಕಡೆ, ದೇವರು ಒಂದು ಕಡೆ, ಶಾಲೆ ಒಂದು ಕಡೆ ಅಂತ ಮೂರು ಅಧ್ಯಾಯ ಮಾಡಲಿಕ್ಕೆ ಬರುವುದಿಲ್ಲ. ಮೂರೂ ಒಂದರೊಳಗೊಂದು ಹೆಣೆದುಕೊಂಡಿವೆ. ನಾನು ಮೊದಲು ಹಾಗೆ ಮೂರು ಭಾಗ ಮಾಡಿಟ್ಟಿದ್ದೆ. ಆಮೇಲೆ ಎಲ್ಲ ಕಲಸಿ, ವರ್ಷದ ಪ್ರಕಾರ ಬರೆದೆ.

ದೇವರ ವಿಷಯ ಬರೆಯುವಾಗಲೂ ಮಾಡಿದ್ದನ್ನೇ ಬರೆಯಿರಿ. "ಪರಮ ದೈವಭಕ್ತೆ" ಅಂದರೆ ಏನೂ ಕಾಣುವುದಿಲ್ಲ. ಅವ್ವ ಐದಕ್ಕೆ ಎದ್ದು ಲಿಂಗಪೂಜೆ ಮಾಡಿ, ವಿಭೂತಿ ಹಚ್ಚಿಕೊಂಡೇ ಒಲೆ ಹಚ್ಚುತ್ತಿದ್ದಳು. ಆದರೆ ಪರೀಕ್ಷೆ ದಿನ ದೂರದ ಕೇಂದ್ರಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗಬೇಕಿದ್ದರೆ ಪೂಜೆ ಎರಡೇ ನಿಮಿಷ. ಅಜ್ಜಿ ಬೈದರೆ ನಗುತ್ತಿದ್ದಳು. ಕಾಯಕದಲ್ಲಿ ಮುಳುಗಿದಾಗ ಲಿಂಗಪೂಜೆಯನ್ನೂ ಮರೆಯಬೇಕು ಎಂದು ಆಯ್ದಕ್ಕಿ ಮಾರಯ್ಯನ ವಚನ ಹೇಳುತ್ತದಲ್ಲ, ಅದನ್ನು ಅವಳು ಬಾಯಿಪಾಠ ಹೇಳಿದ್ದು ನಾನು ಕೇಳಿಲ್ಲ, ಹಾಗೆ ನಡೆದದ್ದು ನೋಡಿದ್ದೇನೆ. (ಅಂದಹಾಗೆ "ಕಾಯಕವೇ ಕೈಲಾಸ" ಬರುವುದು ಇದೇ ಮಾರಯ್ಯನ ವಚನದಲ್ಲಿ. ಸ್ಮರಣೆ ಪುಸ್ತಕಗಳಲ್ಲಿ ಅದರ ಕೆಳಗೆ ಬಸವಣ್ಣನ ಹೆಸರು ಹಾಕುತ್ತಾರೆ. ವಚನ ಹಾಕುವುದಾದರೆ ಅಂಕಿತ ನೋಡಿ ಹಾಕಿ.) ರಂಜಾನ್ ಹಬ್ಬಕ್ಕೆ ಶಿಷ್ಯರ ಮನೆಯಿಂದ ಸುರಕುಂಬಾ ಬರುತ್ತಿತ್ತು, ಪಾತ್ರೆ ಖಾಲಿ ಕೊಡಬಾರದು ಅಂತ ಅವ್ವ ಅದರಲ್ಲಿ ಕರಿಗಡಬು ತುಂಬಿ ಕಳಿಸುತ್ತಿದ್ದಳು. ನಮ್ಮ ಕಡೆ ಇದು ದೊಡ್ಡ ಮಾತಲ್ಲ, ಶಿಶುನಾಳ ಶರೀಫರ ಸೀಮೆ ಇದು, ಅವರೂ ಕೆಲ ಕಾಲ ಶಾಲೆ ಮಾಸ್ತರಾಗಿದ್ದವರೇ.

ತಪ್ಪುಗಳನ್ನು ಮುಚ್ಚಿಡಬೇಡಿ. ಅವ್ವ ಒಮ್ಮೆ ಒಬ್ಬ ಹುಡುಗನಿಗೆ ಫೂಟುಪಟ್ಟಿಯಲ್ಲಿ ಜೋರಾಗಿ ಹೊಡೆದಿದ್ದಳು. ಕದ್ದಿದ್ದಾನೆ ಅಂತ. ಅವನು ಕದ್ದಿರಲಿಲ್ಲ. ಸಂಜೆ ಅವನ ಮನೆಗೆ ಹೋಗಿ ಅವನ ಅವ್ವ ಅಪ್ಪನ ಎದುರೇ ತಪ್ಪಾಯಿತು ಅಂದಳು. ಇದನ್ನು ಹೇಳಿದ್ದು ಅದೇ ಹುಡುಗ, ಈಗ ಅವನಿಗೆ ಐವತ್ತು ಮೀರಿದೆ. ಹಾಕಬಹುದಾ ಅಂತ ಕೇಳಿದೆ. ಹಾಕಲೇಬೇಕು ಅಂದ.

ಹೀಗೆ ಕೇಳುವುದನ್ನು ಯಾವತ್ತೂ ಬಿಡಬೇಡಿ. ಶಿಷ್ಯರ ಬಡತನದ ಕಥೆ, ಫೀಸು ಕಟ್ಟಿದ ಕಥೆ, ಮನೆಯ ಜಗಳದ ಕಥೆ ನಿಮಗೆ ಅವ್ವನ ಒಳ್ಳೆಯತನದ ಕಥೆಯಾಗಿ ಕಾಣಬಹುದು, ಆದರೆ ಅದು ಇನ್ನೊಬ್ಬರ ಮನೆಯ ಮಾತು. ಬರೆದದ್ದನ್ನು ಫೋನಿನಲ್ಲಿ ಅವರಿಗೆ ಓದಿ ಹೇಳಿ. ಒಪ್ಪಿದರೆ ಹಾಕಿ, ಹೆಸರು ಬೇಡ ಅಂದರೆ ಬಿಡಿ, ಕಥೆಯೇ ಬೇಡ ಅಂದರೆ ತೆಗೆಯಿರಿ. ನಾವು ಎರಡು ತೆಗೆದೆವು. ಎರಡೂ ಚಂದ ಇದ್ದವು.

ನುಡಿನಮನದ ಮಾತಿಗೆ ಏಳು ನಿಮಿಷ ಸಾಕು. ಗಟ್ಟಿಯಾಗಿ ಓದಿ ಗಡಿಯಾರ ನೋಡಿಕೊಳ್ಳಿ, ಮನೆಯಲ್ಲಿ ಐದು ನಿಮಿಷವಾದದ್ದು ಅಲ್ಲಿ ಗಂಟಲು ಕಟ್ಟಿ ಏಳಾಗುತ್ತದೆ. ಹುಟ್ಟಿದ್ದು ಎಲ್ಲಿ ಅಂತ ಶುರು ಮಾಡಬೇಡಿ, ಒಂದು ದಿನದಿಂದ ಶುರು ಮಾಡಿ. ನಾನು ಗುಂಡಿ ಡಬ್ಬಿಯಿಂದ ಶುರು ಮಾಡಿದೆ. ಅಕ್ಷರ ದೊಡ್ಡದಾಗಿ ಬರೆದುಕೊಳ್ಳಿ, ಕಣ್ಣು ತುಂಬಿದರೂ ಕಾಣುವಷ್ಟು. ಮಧ್ಯದಲ್ಲಿ ಆಗದಿದ್ದರೆ ಮುಂದೆ ಓದಲು ಇನ್ನೊಬ್ಬರ ಕೈಯಲ್ಲಿ ಒಂದು ಪ್ರತಿ ಇರಲಿ.

ಪುಸ್ತಕ ಮಾಡುವುದಾದರೆ ಅವಸರ ಬೇಡ. ವರ್ಷಾಂತಿಕದ ಹೊತ್ತಿಗೇ ಆಗಬೇಕು ಅಂತಿಲ್ಲ. ಟಿ.ಎಸ್. ವೆಂಕಣ್ಣಯ್ಯನವರು ತೀರಿಕೊಂಡದ್ದು 1939ರಲ್ಲಿ. ಶಿಷ್ಯ ಕುವೆಂಪು ತಮ್ಮ ಮಹಾಕಾವ್ಯವನ್ನು ಅವರಿಗೆ ಅರ್ಪಿಸಿ ಅಚ್ಚು ಹಾಕಿಸಿದ್ದು ಹತ್ತು ವರ್ಷದ ಮೇಲೆ. ಮುದ್ರಣಕ್ಕೆ ಪುಟಗಳು 16ರ ಲೆಕ್ಕದಲ್ಲಿದ್ದರೆ, ಅಂದರೆ 32, 48, 64 ಇದ್ದರೆ, ಕಾಗದ ಜಾಸ್ತಿ ಪೋಲಾಗುವುದಿಲ್ಲ. ಓದುವವರಲ್ಲಿ ವಯಸ್ಸಾದವರೇ ಹೆಚ್ಚು, ಅಕ್ಷರ 14 ಪಾಯಿಂಟ್ ಇರಲಿ. ಫೋನಿನಲ್ಲಿ ಯೂನಿಕೋಡಿನಲ್ಲಿ ಟೈಪ್ ಮಾಡಿದ್ದನ್ನು ಡಿಟಿಪಿಯವರು ನುಡಿ ಫಾಂಟಿಗೆ ಬದಲಿಸುವಾಗ ಒತ್ತಕ್ಷರ, ಅರ್ಕಾವತ್ತು ಕೆಡುತ್ತವೆ. ನಮ್ಮ ಮೊದಲ ಪ್ರೂಫಿನಲ್ಲಿ ಅವ್ವನ ಹೆಸರೇ ತಪ್ಪಾಗಿತ್ತು. ಹೆಸರು, ಊರು, ಇಸವಿ, ಈ ಮೂರನ್ನು ಇಬ್ಬರು ಬೇರೆ ಬೇರೆ ಕೂತು ನೋಡಬೇಕು. ಫೋಟೋ ಜಾಸ್ತಿ ಹಾಕಬೇಡಿ. ನಾವು ಒಂಬತ್ತು ಹಾಕಿದೆವು. ಹತ್ತನೆಯದು ಅವ್ವನ ಕೈಬರಹ: ಒಂದನೇ ಕ್ಲಾಸಿಗೆ ಮಾಡಿದ ಒಂದು ರಟ್ಟಿನ ಹಾಳೆ, ಅದರ ಮೇಲೆ ರ ಗ ಸ ದ ಅ.

ದುಡ್ಡು ಉಳಿದರೆ ಕಪ್ಪು, ಶೀಲ್ಡು ಬೇಡ. ಶಾಲೆಯ ಮುಖ್ಯ ಶಿಕ್ಷಕರನ್ನು ಕೇಳಿ, ಏನು ಬೇಕು ಅಂತ. ದತ್ತಿ ಇಡುವುದಾದರೆ ಬಡ್ಡಿಯಿಂದ ವರ್ಷಕ್ಕೆ ಏನು ಆಗಬೇಕು ಎನ್ನುವುದನ್ನು ಒಂದು ಕಾಗದದಲ್ಲಿ ಸ್ಪಷ್ಟವಾಗಿ ಬರೆದುಕೊಡಿ, ಮುಖ್ಯ ಶಿಕ್ಷಕರು ಬದಲಾದರೂ ಅದು ನಡೆಯಬೇಕಲ್ಲ. ನಮ್ಮ ತಂಗಿಗೆ ದತ್ತಿ ಬೇಡವಾಗಿತ್ತು. ಪ್ರತಿ ಜೂನ್‌ನಲ್ಲಿ ಅವಳು ಆ ಶಾಲೆಗೆ ಒಂದು ಡಬ್ಬಿ ಕಳಿಸುತ್ತಾಳೆ. ಸೂಜಿ, ದಾರ, ಗುಂಡಿ.

ಪುಸ್ತಕದ ಪ್ರತಿಗಳನ್ನು ಅವರು ಕೆಲಸ ಮಾಡಿದ ಪ್ರತಿ ಶಾಲೆಗೂ, ಆ ಊರಿನ ಅರಿವು ಕೇಂದ್ರಕ್ಕೂ, ಅಂದರೆ ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೂ ಕೊಡಿ. ಕೊನೆಯಲ್ಲಿ ನಾಲ್ಕು ಪುಟ ಖಾಲಿ ಬಿಡಿ, ಮೇಲೆ "ನಿಮಗೆ ನೆನಪಿರುವುದನ್ನು ಇಲ್ಲಿ ಬರೆಯಿರಿ" ಎಂದಷ್ಟೇ ಹಾಕಿ. ಅವ್ವ ಜಾಸ್ತಿ ವರ್ಷ ಇದ್ದ ಶಾಲೆಯಲ್ಲಿ ಆ ನಾಲ್ಕೂ ಪುಟ ತುಂಬಿವೆ. ಕಳೆದ ಬಾರಿ ಹೋದಾಗ ನೋಡಿದೆ, ಯಾರೋ ಹಿಂದೆ ಇನ್ನೂ ಆರು ಹಾಳೆ ಸೇರಿಸಿ ಬಿಳಿ ದಾರದಲ್ಲಿ ಹೊಲಿದಿದ್ದರು.